ವೈನಿ ಮುಚ್ಚಿದ ಪೆಟ್ಟಿಗೆ

‘ದೇವರ ಮುಂದ ಚಪ್ಪಲಿ ಬಿಡ್ರಿ, ಕರೆಂಟಿನ ಮುಂದ ಹಾಕ್ಕೋರಿ’ ಎಂದು ನಮಗೆಲ್ಲ ಬೈದು ಕಲಿಸಿದವರು ವೈನಿ. ಅದಕ್ಕೂ ಮೊದಲು ಜುಗೂಳದ ಹೊಳೆದಂಡೆಯ ಯಾವ ಮೋಟಾರ್ ಖೋಲಿಗೆ ಹೋದರೂ ಬಾಗಿಲ ಹೊರಗೆ ಚಪ್ಪಲಿಗಳ ಸಾಲು ಇರುತ್ತಿತ್ತು. ಒಳಗೆ ಮೋಟಾರಿಗೆ ಕುಂಕುಮ, ಸ್ಟಾರ್ಟರಿನ ಪೆಟ್ಟಿಗೆಗೆ ವಿಭೂತಿ, ಮೇಲೊಂದು ಒಣಗಿದ ಹೂವಿನ ಸರ. ಗಂಡಸರು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕೈಮುಗಿದು, ಹಸಿರು ಗುಂಡಿ ಒತ್ತುತ್ತಿದ್ದರು. ಕೈ ಝುಮ್ಮೆಂದರೆ ದೇವರು ಮುನಿದಿದ್ದಾನೆ ಎನ್ನುತ್ತಿದ್ದರು. ವೈನಿ ತಮ್ಮ ಗಂಡನ ರಬ್ಬರ್ ಚಪ್ಪಲಿ ತಂದು ಖೋಲಿಯ ಒಳಗೇ ಇಟ್ಟರು. ಯಾರಾದರೂ ಅದನ್ನು ಮೆಟ್ಟದೆ ಗುಂಡಿಗೆ ಕೈ ಹಚ್ಚಿದರೆ ಅವರ ಮನೆತನದ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಯಾರೋ ಒಬ್ಬರು, ‘ಬಾಳ ಶಾಂತ ಸ್ವಭಾವದ ಹೆಣ್ಣಮಗಳು’ ಅಂದರು. ನನಗೆ ಸಿಟ್ಟು ಬಂತು. ಸತ್ತವರ ಬಗ್ಗೆ ಒಳ್ಳೆಯದು ಹೇಳಬೇಕು, ಸರಿ. ಸುಳ್ಳು ಯಾಕೆ ಹೇಳಬೇಕು? ವೈನಿ ಶಾಂತವಾಗಿದ್ದ ದಿನ ನಾನಂತೂ ಕಂಡಿಲ್ಲ. ಕಂಡವರಿದ್ದರೆ ಬಂದು ಹೇಳಲಿ, ಕೇಳುತ್ತೇನೆ.

ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತಾರೆ. ಅವರ ಗಂಡ ನನಗೆ ಅಣ್ಣನೇನೂ ಅಲ್ಲ. ಬದುವಿನ ಆಚೆಯ ಹೊಲದವರು, ಅಷ್ಟೆ. ಆದರೆ ಊರಿಗೆ ಊರೇ ಅವರನ್ನು ವೈನಿ ಎನ್ನುತ್ತಿತ್ತು, ಅವರಿಗಿಂತ ವಯಸ್ಸಾದವರು ಕೂಡ. ತವರು ಸದಲಗಾದ ಆಚೆ, ಕೊಲ್ಲಾಪುರದ ಸೀಮೆ. ಹಾಗಾಗಿ ಎಣಿಕೆಯೆಲ್ಲ ಮರಾಠಿಯಲ್ಲಿ, ಬೈಗುಳವೆಲ್ಲ ಕನ್ನಡದಲ್ಲಿ. ಬೆಳಿಗ್ಗೆ ಹಲ್ಲಿಗೆ ಮಿಶ್ರಿ ತಿಕ್ಕುತ್ತ ಹೊಲದ ಕಡೆ ಬರುತ್ತಿದ್ದರು. ಸುಟ್ಟ ತಂಬಾಕಿನ ಆ ಪುಡಿ ಬಾಯಲ್ಲಿ ಇರುವಷ್ಟು ಹೊತ್ತು ಮಾತ್ರ ನಮಗೆ ಮಾತಾಡಲು ಅವಕಾಶ. ಅವರು ಉಗುಳಿ ಬಾಯಿ ಮುಕ್ಕಳಿಸಿದರೆ ನಮ್ಮ ಪಾಳಿ ಮುಗಿಯಿತು ಅಂತಲೇ ಲೆಕ್ಕ.

ಎಂಬತ್ತರ ದಶಕದ ಕೊನೆಗೆ ನಾವು ಮೂರು ಮನೆಯವರು ಕೂಡಿ ಕೃಷ್ಣೆಯ ದಂಡೆಗೆ ಮೋಟಾರು ಕೂರಿಸಿದೆವು. ವೈನಿಯ ಮನೆ, ನನ್ನ ಮನೆ, ಮತ್ತು ದ್ರಾಕ್ಷಿ ತೋಟ, ಕಬ್ಬು ಎರಡೂ ಇದ್ದ ಅಪ್ಪಾಸಾಬನ ಮನೆ. ಮೋಟಾರು ಒಂದೇ, ಪೈಪು ಒಂದೇ, ನೀರು ಪಾಳಿಯ ಮೇಲೆ. ವೈರ್‌ಮನ್ ಬಂದು ಸ್ಟಾರ್ಟರ್ ಜೋಡಿಸುವ ದಿನ ಗಂಡಸರೆಲ್ಲ ಬೇವಿನ ನೆರಳಲ್ಲಿ ಚಹಾ ಕುಡಿಯುತ್ತಿದ್ದೆವು. ವೈನಿ ಮಾತ್ರ ಮೊರದ ತುಂಬ ಜೋಳ ತಂದು ಖೋಲಿಯ ಬಾಗಿಲಲ್ಲಿ ಹಸನು ಮಾಡುತ್ತ ಕೂತರು. ಇದು ಯಾಕ, ಅದು ಯಾಕ, ಈ ತಂತಿ ಎಲ್ಲಿ ಹೋಗತೈತಿ, ಇದನ್ನ ಬಿಚ್ಚಿದ್ರ ಏನಾಕೈತಿ? ಸಂಜೆಯ ಹೊತ್ತಿಗೆ ಆ ಮನುಷ್ಯ ಸೋತು, ‘ಬಾಯಾರ, ನಂದ ಮುಗೀತು. ಇನ್ನ ಬಿಚ್ಚಿ ಮತ್ತ ನೀವ ಜೋಡಸ್ರಿ’ ಅಂದ. ಅವನು ಚೇಷ್ಟೆಗೆ ಹೇಳಿದ್ದ. ವೈನಿ ಮೊರ ಬದಿಗಿಟ್ಟು ಎದ್ದು ಜೋಡಿಸಿಯೇ ಬಿಟ್ಟರು. ಅಂದಿನಿಂದ ಮೋಟಾರಿನ ಯಜಮಾನಿಕೆ ಅವರದು. ಕೊಟ್ಟವರು ಯಾರೂ ಇಲ್ಲ, ಅವರೇ ತೆಗೆದುಕೊಂಡರು.

ಸ್ಟಾರ್ಟರಿಗೆ ಕಡ್ಡಿ ತುರುಕುವುದು ಆಗ ನಮ್ಮ ಕಡೆಯ ದೊಡ್ಡ ರೋಗ. ಕರೆಂಟು ಕಡಿಮೆ ಇದ್ದರೆ ಒತ್ತಿದ ಗುಂಡಿ ನಿಲ್ಲುವುದಿಲ್ಲ. ಮೋಟಾರು ಸುಡಬಾರದೆಂದು ಪೆಟ್ಟಿಗೆ ತಾನೇ ಬಿಟ್ಟುಕೊಡುತ್ತದೆ. ನಮ್ಮವರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಜಾಲಿಯ ಕಡ್ಡಿಯನ್ನೋ, ಮಡಚಿದ ಬೀಡಿ ಪಾಕೀಟನ್ನೋ ಸಿಕ್ಕಿಸಿ ಬಲವಂತವಾಗಿ ಓಡಿಸುತ್ತಿದ್ದರು. ಅಪ್ಪಾಸಾಬ ಒಮ್ಮೆ ಹಾಗೆ ಮಾಡಿ ಸಿಕ್ಕಿಬಿದ್ದ. ‘ಅದು ನನ್ನ ಕೈಲೆ ಆಗವಲ್ದು ಅಂತ ಒದರಾಕತ್ತೈತಿ, ನೀ ಅದರ ಬಾಯಾಗ ಅರಿಬಿ ತುರುಕೀಯಲ್ಲೋ!’ ಎಂದು ವೈನಿ ಆ ಕಡ್ಡಿ ಕಿತ್ತು ಹೊಳೆಗೆ ಒಗೆದರು.

ಒಮ್ಮೆ ಫುಟ್‌ವಾಲ್ ತರಲು ನಾನೂ ಅವರೂ ನಿಪ್ಪಾಣಿಗೆ ಹೋಗಿದ್ದೆವು. ಹೊಳೆಯೊಳಗಿನ ಪೈಪಿನ ತುದಿಗಿರುವ, ಏರಿದ ನೀರು ತಿರುಗಿ ಇಳಿಯದಂತೆ ಹಿಡಿಯುವ ಬಾಗಿಲು ಅದು. ಅಂಗಡಿಯವನು ನನ್ನ ಜೊತೆಗೇ ಮಾತಾಡುತ್ತಿದ್ದ. ವೈನಿ ಏನೋ ಕೇಳಿದರೆ, ‘ಅಕ್ಕಾರ, ಇದು ಗಂಡಸರ ವಿಷಯ’ ಎಂದು ನಕ್ಕ. ವೈನಿ ಅವನ ಕುಡಿಯುವ ನೀರಿನ ಹೂಜಿ ಎತ್ತಿ ಆ ಫುಟ್‌ವಾಲಿನಲ್ಲಿ ಸುರಿದು, ಅವನ ಮೇಜಿನ ಮೇಲೆಯೇ ಎತ್ತಿ ಹಿಡಿದು ನಿಂತರು. ತೊಟ್ಟಿಕ್ಕತೊಡಗಿತು. ಇನ್ನೊಂದು ತರಿಸಿದರು, ಅದೂ ತೊಟ್ಟಿಕ್ಕಿತು. ಮೇಜು ಪೂರ್ತಿ ಒದ್ದೆಯಾದ ಮೇಲೆ ಒಳಗಿನಿಂದ ಸರಿಯಾದದ್ದು ಬಂತು. ‘ಮೊದಲ ಇದನ್ನ ಕೊಟ್ಟಿದ್ರ ನಿಮ್ಮ ನೀರೂ ಉಳೀತಿತ್ತಲ್ರಿ’ ಅಂದರು. ನನಗಂತೂ ಬಸ್ಸು ಚಿಕ್ಕೋಡಿ ದಾಟುವವರೆಗೂ ನಗು ನಿಲ್ಲಲಿಲ್ಲ.

ಬೀರಪ್ಪನನ್ನು ಪಾಲಿಗೆ ಸೇರಿಸಿದವರೂ ಅವರೇ. ಬೀರಪ್ಪ ಕುರಿ ಕಾಯುವ ಮನೆತನದವನು. ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಿದ್ದ. ನಮ್ಮ ಪೈಪಿನ ತುದಿಯ ಏರಿನಲ್ಲಿ ಅವನದೊಂದು ತುಂಡು ಒಣ ಹೊಲ ಇತ್ತು. ಮದುವೆಯಾದ ಮೇಲೆ ಹಿಂಡು ಕಡಿಮೆ ಮಾಡಿ, ನನಗೂ ನೀರಿನ ಪಾಲು ಕೊಡಿ ಎಂದು ಕೇಳಿದ. ಅಪ್ಪಾಸಾಬ ಒಪ್ಪಲಿಲ್ಲ. ‘ಕುರಿ ಕಾಯೋರು ಇವತ್ತ ಇಲ್ಲಿ, ನಾಳಿ ಅಲ್ಲಿ. ಅವರಿಗೇನ ಗೊತ್ತು ನೀರ ಹಾಯಿಸೂದು?’ ಎಂದ. ವೈನಿಗೆ ಮಿಶ್ರಿ ಉಗುಳುವಷ್ಟೂ ಪುರುಸೊತ್ತು ಆಗಲಿಲ್ಲ.

‘ಗೊಬ್ಬರ ಬೇಕಂದ್ರ ಅಂವನ ಕುರಿ ನಿನ್ನ ಹೊಲದಾಗ ಕೂಡಬೇಕು. ಕೈಮುಗದ ಕರೀತಿ. ನೀರ ಅಂದಕೂಡ್ಲೆ ಅಂವಾ ಹೊರಗಿನಾವ ಆದ್ನೇನು?’

ಹೀಗೆ ನಾವು ನಾಲ್ಕು ಮನೆಯವರಾದೆವು. ಆದರೂ ಅಪ್ಪಾಸಾಬನ ಮನಸ್ಸಿನಲ್ಲಿ ಕಸರು ಉಳಿದೇ ಇತ್ತು.

ಮುಂದಿನದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಗಷ್ಟೇ ಆಟೋ ಸ್ವಿಚ್ ಎಂಬ ಪುಟ್ಟ ಪೆಟ್ಟಿಗೆ ಬಂದಿತ್ತು. ಕರೆಂಟು ಬಂದ ಕೂಡಲೇ ಅದು ತಾನೇ ಮೋಟಾರನ್ನು ಚಾಲೂ ಮಾಡುತ್ತಿತ್ತು, ನಾವು ಓಡಿ ಬರಬೇಕಾಗಿರಲಿಲ್ಲ. ನವರಾತ್ರಿಯಲ್ಲಿ ಎಂದಿನಂತೆ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ವೈನಿ ಮೋಟಾರು ತೊಳೆಸಿ, ಸ್ಟಾರ್ಟರಿನ ಪೆಟ್ಟಿಗೆ ತೆರೆದು ಧೂಳು ಒರೆಸಿ, ಕುಂಕುಮ ಹಚ್ಚಿ ಮುಚ್ಚಿದರು. ತೆಂಗಿನಕಾಯಿ ಒಡೆದು ಸುತ್ತ ನೀರು ಚಿಮುಕಿಸಿದರು. ಬೆಲ್ಲ, ಕೊಬ್ಬರಿಯ ಎಡೆಯನ್ನು ಪೆಟ್ಟಿಗೆಯ ತಲೆಯ ಮೇಲೆ ಇಟ್ಟರು. ಬೀರಪ್ಪ ಆಗ ಹೊಳೆಯಲ್ಲಿ ಕುರಿಗಳ ಮೈ ತೊಳೆಯುತ್ತಿದ್ದ.

ಹಬ್ಬ ಮುಗಿದು ಬನ್ನಿ ಕೊಟ್ಟ ಮೇಲೆ ಬೀರಪ್ಪನ ಪಾಳಿ ಬಂತು. ಅದು ಅವನ ಬದುಕಿನ ಮೊದಲ ಕಬ್ಬು. ಬೀಜದ ತುಂಡು ಹಚ್ಚಿ ಒಂದು ನೀರು ಕೊಟ್ಟಿದ್ದ. ಎರಡನೆಯ ನೀರು ತಪ್ಪಿದರೆ ಮಣ್ಣೊಳಗೆ ತುಂಡಿನ ಮೊಳಕೆಯ ಕಣ್ಣು ಒಣಗಿ ಎಲ್ಲ ಹಾಳು. ಸರಿಯಾಗಿ ಅವತ್ತೇ ಮೋಟಾರಿಗೆ ಆಟ ಶುರುವಾಯಿತು. ಚಾಲೂ ಆಗುವುದು, ತುಸು ಹೊತ್ತಿಗೆ ತಾನೇ ಬಂದ್ ಆಗುವುದು. ಆಟೋ ಸ್ವಿಚ್ ಮತ್ತೆ ಎಬ್ಬಿಸುವುದು, ಅದು ಮತ್ತೆ ಮಲಗುವುದು. ಪೈಪಿನೊಳಗೆ ನೀರು ಕೆಳಗಿನ ಹೊಲಗಳವರೆಗೆ ಹೇಗೋ ಮುಟ್ಟುತ್ತಿತ್ತು. ಏರಿನ ತುದಿಯ ಬೀರಪ್ಪನ ಹೊಲ ಮುಟ್ಟುವಷ್ಟರಲ್ಲಿ ನಿಂತುಬಿಡುತ್ತಿತ್ತು. ಅವನು ಸಲಿಕೆ ಹಿಡಿದು ಒಣ ಬಾರಿನಲ್ಲಿ, ನೀರು ಹರಿಯಬೇಕಾದ ಸಾಲಿನಲ್ಲಿ, ನಿಂತೇ ಇದ್ದ.

ಅಪ್ಪಾಸಾಬನಿಗೆ ಬೇಕಾದದ್ದು ಸಿಕ್ಕಿತು. ‘ಎಲ್ಲಾರ ಪಾಳ್ಯಾಗ ನೆಟ್ಟಗ ಇತ್ತು. ಇಂವನ ಪಾಳಿ ಬಂತು, ಕೆಟ್ಟತು. ಒಂದಕ್ಕ ಎರಡ ಕಡೆ ವಾಲ್ ತಗದಾನ, ಮೋಟಾರಿಗೆ ಹೊರಿ ಆಗೇತಿ. ತಪ್ಪ ಯಾರ್ದೋ ಅವರ ಪಾಳಿ ಹೋತು ಅಂತ ಕರಾರ ಐತೆಲ್ಲಾ? ಪಾಳಿ ಅಷ್ಟ ಅಲ್ಲ, ಇಂವನ್ನ ಪಾಲಿಂದನ ತಗೀರಿ’ ಎಂದ. ಮರುದಿನ ಬೆಳಿಗ್ಗೆ ಎಲ್ಲರೂ ಬೇವಿನ ಕೆಳಗೆ ಕೂಡಿ ತೀರ್ಮಾನ ಮಾಡುವುದು ಎಂದಾಯಿತು.

ಬೀರಪ್ಪ ವೈನಿಯ ಮುಂದೆ ಬಂದು ನಿಂತ. ‘ನಾ ಏನೂ ಮುಟ್ಟಿಲ್ರಿ ವೈನಿ’ ಎಂದಷ್ಟೇ ಹೇಳಿದ. ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡ.

‘ನೀ ಮುಟ್ಟಿಲ್ಲ ಅಂದ್ರ ಮುಟ್ಟಿದ್ದು ಯಾರಂತ ಹುಡುಕೂಣು. ಅಳಬ್ಯಾಡ. ಅತ್ರ ಕಬ್ಬಿಗೆ ನೀರ ಆಗೂದಿಲ್ಲ’ ಎಂದು ವೈನಿ ಸೆರಗು ಸಿಕ್ಕಿಸಿಕೊಂಡು ಹೊಳೆಗೆ ಇಳಿದರು. ಮೋಟಾರು ಕೆಟ್ಟರೆ ಅವರು ಯಾವಾಗಲೂ ನೀರಿನ ಕಡೆಯಿಂದ ಹುಡುಕುತ್ತ ಬರುವವರು. ತಂತಿಯ ಕಡೆಯಿಂದ ಅಲ್ಲ. ನಾನು ಹಿಂದೆ ಹೋದೆ. ಫುಟ್‌ವಾಲ್ ನೋಡಿದರು, ಕಸ ಕಟ್ಟಿರಲಿಲ್ಲ. ‘ಇದು ಸೋರಿದ್ರ ನೀರ ನಿಲ್ತಿತ್ತು, ಮೋಟಾರ ನಿಲ್ತಿದ್ದಿಲ್ಲ’ ಅಂದರು. ಪೈಪಿನ ಒಂದೊಂದು ಜೋಡಣೆಗೂ ಕೈ ಸವರುತ್ತ ಮೇಲೆ ಬಂದರು. ಬೀರಪ್ಪನ ಹೊಲದ ತನಕ ನಡೆದು ವಾಲ್‌ಗಳನ್ನೆಲ್ಲ ನೋಡಿದರು. ಅವನದು ತೆರೆದಿತ್ತು, ಉಳಿದವೆಲ್ಲ ಬಿಗಿಯಾಗಿ ಮುಚ್ಚಿದ್ದವು. ತಿರುಗಿ ಬಂದು, ಆಗಷ್ಟೇ ಬಂದ್ ಆದ ಮೋಟಾರಿನ ಮೈಮೇಲೆ ಅಂಗೈ ಇಟ್ಟರು. ನನ್ನ ಕೈಯನ್ನೂ ಎಳೆದು ಇಟ್ಟರು.

‘ಹೊರಿ ಹೆಚ್ಚಾದ ಎತ್ತು ಬೆವರತೈತಿ ತಮ್ಮಾ. ಇದು ನೋಡು, ತಣ್ಣಗ ಕುಂತೈತಿ. ಹೊರಿ ಅಲ್ಲ.’

ಆಮೇಲೆ ಖೋಲಿಯ ಬಲ್ಬು ಹಚ್ಚಿ ಅದನ್ನೇ ನೋಡುತ್ತ ಕೂತರು. ಮೋಟಾರು ನಿಂತಿತು, ಬಲ್ಬು ಮಂಕಾಗಲಿಲ್ಲ. ಕರೆಂಟಿನದೂ ತಪ್ಪಿಲ್ಲ ಎಂದಾಯಿತು. ಅಷ್ಟರಲ್ಲಿ ಹೊತ್ತು ಇಳಿದಿತ್ತು. ‘ವೈನಿ, ಪೆಟ್ಟಿಗಿ ಒಂದ ಉಳೀತು ನೋಡ್ರಿ’ ಅಂದೆ.

‘ಪೆಟಿಗಿ ನಾ ಮುಚ್ಚೇನಿ. ಅದರಾಗ ಏನೂ ಇಲ್ಲ’ ಎಂದರು ಖಡಾಖಂಡಿತವಾಗಿ. ಆ ಮಾತಿಗೆ ಎದುರಾಡುವ ಧೈರ್ಯ ಹೊಳೆದಂಡೆಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇಲ್ಲ.

ಮರುದಿನ ಜನ ಕೂಡುವ ಮೊದಲೇ ವೈನಿಯಿಂದ ಕರೆ ಬಂತು. ನಾನು ಹೋದಾಗ ವೈನಿ ಒಬ್ಬರೇ ಖೋಲಿಯಲ್ಲಿದ್ದರು. ಮೇನ್ ಸ್ವಿಚ್ಚು ಬಂದ್ ಮಾಡಿದ್ದರು, ಪೆಟ್ಟಿಗೆಯ ಬಾಗಿಲು ತೆರೆದಿತ್ತು. ‘ನೋಡು’ ಎಂದರು, ಸಣ್ಣ ದನಿಯಲ್ಲಿ. ಒಳಗೆ ಇರುವೆ. ಒಂದಲ್ಲ ಎರಡಲ್ಲ, ಕರಿ ಇರುವೆಗಳ ಜಾತ್ರೆ. ಪೆಟ್ಟಿಗೆಯ ತಲೆಯ ಮೇಲೆ ತಂತಿ ಇಳಿಯುವ ತೂತಿನ ರಬ್ಬರು ಎಂದೋ ಉದುರಿ ಹೋಗಿತ್ತು. ಎಡೆಯ ಬೆಲ್ಲ ಕಾಯಿನೀರಿನಲ್ಲಿ ಕರಗಿ ಆ ತೂತಿನಿಂದ ಒಳಗೆ ಇಳಿದಿತ್ತು, ಇರುವೆಗಳು ಅದರ ಬೆನ್ನು ಹತ್ತಿದ್ದವು. ಮೋಟಾರು ಚಾಲೂ ಆದಾಗ ಒಂದಕ್ಕೊಂದು ಅಂಟಿಕೊಳ್ಳಬೇಕಾದ ತಾಮ್ರದ ತುದಿಗಳ ನಡುವೆ ಅವು ಸಿಕ್ಕಿ ಸುಟ್ಟು, ಕಪ್ಪು ಹೆಪ್ಪಾಗಿ ಕೂತಿದ್ದವು. ತುದಿಗಳು ಗಟ್ಟಿಯಾಗಿ ಕೂಡದೆ ಸ್ವಲ್ಪ ಅದುರಿದರೂ ಬಿಟ್ಟುಕೊಡುತ್ತಿದ್ದವು. ಮೋಟಾರು ನಿಲ್ಲುತ್ತಿದ್ದುದು ಅದಕ್ಕೆ.

ಹೊಳೆದಂಡೆಯ ಯಾವ ಖೋಲಿಯಲ್ಲೂ ಖಂಡೇ ಪೂಜೆಯ ಎಡೆ ಇಡುವುದು ಪೆಟ್ಟಿಗೆಯ ಮೇಲೆಯೇ. ಇಟ್ಟ ಎಡೆಯನ್ನು ಎತ್ತುವ ಪದ್ಧತಿ ಇಲ್ಲ, ತಾನಾಗಿ ಹೋಗಬೇಕು. ವೈನಿ ಎಲ್ಲರಂತೆಯೇ ಮಾಡಿದ್ದರು. ಆದರೂ ಅವರ ಮುಖ ಆ ಹೊತ್ತಿಗೆ ಇಳಿದಿತ್ತು.

ಸೀಮೆಎಣ್ಣೆ ಇತ್ತು, ಹಳೆಯ ಬ್ರಶ್ಶು ಇತ್ತು. ತೊಳೆದರೆ ಕ್ಷಣದ ಕೆಲಸ. ಬ್ರಶ್ಶಿಗೆ ಕೈ ಹಾಕಿದೆ, ವೈನಿ ನನ್ನ ಮಣಿಕಟ್ಟು ಹಿಡಿದರು.

‘ಈಗ ತೊಳದ್ರ ಮೋಟಾರ ನೆಟ್ಟಗ ಆಕೈತಿ. ಬೀರಪ್ಪ?’

ನನಗೆ ತಕ್ಷಣ ತಿಳಿಯಲಿಲ್ಲ. ಅವರೇ ಹೇಳಿದರು. ‘ಬೀರಪ್ಪ ಕೈ ತಗದಾ, ಮೋಟಾರ ನಡೀತು ಅಂತಾರ ಮಂದಿ. ಹಂಗ ಇರಲಿ ಇದು. ಎಲ್ಲಾರೂ ಬಂದ ನೋಡ್ಲಿ.’

ಜನ ಬಂದರು. ಅಪ್ಪಾಸಾಬ ಧೋತರದ ಚುಂಗು ಎತ್ತಿ ಬೇವಿನ ಕಟ್ಟೆಯ ಮೇಲೆ ಕೂತ. ಬೀರಪ್ಪ ಕಂಬಳಿ ಹೊದ್ದು ದೂರ ನಿಂತಿದ್ದ, ಅವನ ಹೆಂಡತಿ ಅವನ ಹಿಂದೆ. ವೈನಿ ಮಾತು ಶುರು ಮಾಡಲು ಯಾರಿಗೂ ಬಿಡಲಿಲ್ಲ. ಎಲ್ಲರನ್ನೂ ಖೋಲಿಯೊಳಗೆ ಕರೆದು, ಅಪ್ಪಾಸಾಬನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿದರು.

‘ಇದೇನು?’

‘ಇರವಿ.’

‘ಯಾಕ ಬಂದಾವು?’

ಅಪ್ಪಾಸಾಬ ಮೇಲೆ ನೋಡಿದ, ಕರಗಿ ಉಳಿದ ಬೆಲ್ಲದ ಕಲೆ ನೋಡಿದ, ತೂತು ನೋಡಿದ.

‘ಎಡಿ ಹಿಡದದ್ದು ಯಾರು? ನಾನು. ಪೆಟಿಗಿ ಮುಚ್ಚಿದ್ದು ಯಾರು? ನಾನು. ನಿನ್ನಿ ಇದನ್ನ ತಗೀರಿ ಅಂದ್ರ ಏನೂ ಇಲ್ಲ ಅಂದಾಕಿ ಯಾರು? ಅದೂ ನಾನು. ಬೀರಪ್ಪ ಅವತ್ತ ಹೊಳ್ಯಾಗ ಕುರಿ ತೊಳ್ಯಾಕತ್ತಿದ್ದ. ತಪ್ಪ ನಂದೈತಿ.’

ಎಲ್ಲರಿಗೂ ಮುಜುಗರ. ಅಪ್ಪಾಸಾಬ ಕೆಟ್ಟ ಮನುಷ್ಯನಲ್ಲ. ವೈನಿಯನ್ನು ಆ ಇಕ್ಕಟ್ಟಿನಿಂದ ಪಾರು ಮಾಡಬೇಕೆಂದು ಅವನಿಗೆ ನಿಜಕ್ಕೂ ಅನ್ನಿಸಿತು. ನಗುನಗುತ್ತ, ‘ಹೋಗ್ಲಿ ಬಿಡ್ರಿ ವೈನಿ. ಪೂಜಾ ಮಾಡಿದ್ದು ತಪ್ಪ ಹೆಂಗಾಕೈತಿ? ದೇವರ ಕೆಲಸ, ಆತು, ಮುಗೀತು’ ಅಂದ.

ವೈನಿ ಅವನ ಕಡೆ ತಿರುಗಿದರು.

‘ನಿನ್ನಿ ಬೀರಪ್ಪಂದು ಅಂದಾಗ ಇದು ತಪ್ಪ ಆಗಿತ್ತು. ಇವತ್ತ ನಂದು ಅಂದಕೂಡ್ಲೆ ಪೂಜಾ ಆತೇನಪಾ?’

ಅಪ್ಪಾಸಾಬನ ಮುಖ ಕೆಂಪಾಯಿತು. ಆಮೇಲೆ ತಾನೇ ಬಗ್ಗಿ ಬ್ರಶ್ಶು ಎತ್ತಿಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿ, ಇರುವೆ ತೊಳೆಯತೊಡಗಿದ. ಆ ಒಂದು ಕೆಲಸಕ್ಕಾಗಿ ನಾನು ಅವನನ್ನು ಇವತ್ತಿಗೂ ಮೆಚ್ಚುತ್ತೇನೆ.

‘ಕರಾರ ಎಲ್ಲಾರಿಗೂ ಒಂದ. ನನ್ನ ಪಾಳಿ ಹೋತು, ಅದು ಬೀರಪ್ಪಗ’ ಎಂದರು ವೈನಿ. ಅವರದೂ ಅದೇ ವಾರ ಹಚ್ಚಿದ ಕಬ್ಬು, ಅದಕ್ಕೂ ಎರಡನೆಯ ನೀರು ಬೇಕಿತ್ತು. ಬೀರಪ್ಪ ಗಾಬರಿಯಾಗಿ, ‘ಬ್ಯಾಡ್ರಿ ವೈನಿ, ನಿಮ್ಮ ಬೆಳಿ ಹೋಕ್ಕೈತಿ’ ಎಂದ. ‘ಹೋದ್ರ ನಂದ ಹೋಕ್ಕೈತಿ. ನೀ ಬಾರಾ ತಿರುವು ನಡಿ, ಇಲ್ಲಿ ನಿಂತ ಏನ ನೋಡ್ತಿ’ ಎಂದು ಅಟ್ಟಿದರು. ಮೋಟಾರು ಚಾಲೂ ಆಯಿತು, ನಿಲ್ಲಲಿಲ್ಲ. ಏರಿನ ತುದಿಗೆ ನೀರು ಹತ್ತಿ ಬೀರಪ್ಪನ ಬಾರುಗಳಲ್ಲಿ ಹರಿಯಿತು. ನಾನು ಬದುವಿನ ಮೇಲೆ ನಿಂತು ನೋಡಿದೆ. ಅವನ ಹೆಂಡತಿ ಆ ಕೆಸರುನೀರನ್ನೇ ಬೊಗಸೆಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಅದಾದ ಮೇಲೆ ಬೀರಪ್ಪನನ್ನು ಪಾಲಿನಿಂದ ತೆಗೆಯುವ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಪಾಳಿ ಬಿಟ್ಟದ್ದರ ಫಲ ವೈನಿಯ ಹೊಲದಲ್ಲಿ ಕಾಣಿಸಿತು. ಬೀರಪ್ಪನ ಕಬ್ಬು ಸಾಲು ಹಿಡಿದು ಎದ್ದಿತು. ಇವರದು ಅಲ್ಲಲ್ಲಿ ಮೊಳೆಯದೆ ಹಲ್ಲುದುರಿದ ಬಾಯಿಯಂತೆ ನಿಂತಿತು. ಆಮೇಲೊಂದು ಬೆಳಿಗ್ಗೆ ನಾನು ನನ್ನ ಹೊಲಕ್ಕೆ ಹೋಗುವಾಗ ನೋಡುತ್ತೇನೆ, ಬೀರಪ್ಪ ಕಂಬಳಿಯ ತುಂಬ ಮೊಳೆತ ಕಬ್ಬಿನ ಸಸಿ ಹೊತ್ತು ತಂದಿದ್ದಾನೆ. ತನ್ನ ಹೊಲದಲ್ಲಿ ದಟ್ಟವಾಗಿದ್ದ ಕಡೆ ಕಿತ್ತವು. ಯಾರನ್ನೂ ಕೇಳದೆ, ವೈನಿಯ ಹೊಲದಲ್ಲಿ ಮೊಳೆಯದ ಜಾಗ ಹುಡುಕಿ ಹುಡುಕಿ ಹಚ್ಚುತ್ತಿದ್ದಾನೆ.

ಅಷ್ಟರಲ್ಲಿ ವೈನಿ ಬಂದರು, ಬೆರಳಲ್ಲಿ ಮಿಶ್ರಿ. ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಅವರ ಕಣ್ಣುಗಳು ತುಂಬಿದ್ದವು. ಈಗ ಏನಾದರೂ ಒಳ್ಳೆಯ ಮಾತು ಆಡುತ್ತಾರೆ ಎಂದುಕೊಂಡು ನಾನೂ ನಿಂತೆ. ವೈನಿ ಪಕ್ಕಕ್ಕೆ ತಿರುಗಿ ಮಿಶ್ರಿ ಉಗುಳಿದರು.

‘ಏ ಬೀರಪ್ಪಾ, ಗೇಣ ಗೇಣ ಬಿಟ್ಟ ಹಚ್ಚಲೇ! ಕುರಿ ನಿಂದರಿಸಿದಂಗ ಒತ್ತೊತ್ತಿ ಹಚ್ಚಾಕತ್ತೀಯಲ್ಲ!’

‘ಆತ್ರೀ ವೈನಿ’ ಎಂದ ಬೀರಪ್ಪ, ತಲೆ ಎತ್ತದೆ.

ವೈನಿ ಸೀರೆಯ ಕಚ್ಚೆ ಬಿಗಿದು ಸಾಲಿಗೆ ಇಳಿದರು.